ಉರಿಯೂತದ ಚರ್ಮಕ್ಕೆ ಕೆಂಡದ ಶಾಖ: ಚೀನೀ ಮಾಕ್ಸಾ ಚಿಕಿತ್ಸೆ ಎಲ್ಲಿ ಒಗ್ಗುತ್ತದೆ, ಎಲ್ಲಿ ಕೆಡಿಸುತ್ತದೆ

ಸೋರಿಯಾಸಿಸ್ ಕೆರಳಿದ ಜಾಗವನ್ನು ಮುಟ್ಟಿ ನೋಡಿದರೆ ಪಕ್ಕದ ಚರ್ಮಕ್ಕಿಂತ ಬೆಚ್ಚಗಿರುತ್ತದೆ. ಇಸಬು ಉಲ್ಬಣಿಸಿದಾಗಲೂ ಹಾಗೆಯೇ. ಅಲ್ಲಿ ರಕ್ತನಾಳಗಳು ಹಿಗ್ಗಿರುತ್ತವೆ, ರೋಗನಿರೋಧಕ ಕೋಶಗಳು ಗುಂಪುಗೂಡಿರುತ್ತವೆ, ನರಗಳ ತುದಿಗಳು ಸೂಕ್ಷ್ಮವಾಗಿರುತ್ತವೆ. ಇಂಥ ಚರ್ಮಕ್ಕೆ ಕೆಂಡದ ಶಾಖ ಕೊಟ್ಟು ಶಮನ ಮಾಡುತ್ತೇವೆ ಎಂಬ ಮಾತು ಮೇಲ್ನೋಟಕ್ಕೆ ಒಪ್ಪುವಂಥದ್ದಲ್ಲ. ಆದರೂ ಚೀನಾದ ಸಾಂಪ್ರದಾಯಿಕ ವೈದ್ಯಕೀಯ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಮಾಕ್ಸಿಬಸ್ಶನ್ (ಮಾಕ್ಸಾ ಎಂಬ ಒಣ ಎಲೆಯ ಅರಳೆ ಸುಟ್ಟು ಶಾಖ ಕೊಡುವುದು) ಮತ್ತು ಅಗ್ನಿಸೂಜಿ (ಕಾಯಿಸಿದ ಸೂಜಿ ಚುಚ್ಚುವುದು) ಎರಡೂ ಬಳಕೆಯಲ್ಲಿವೆ. ನಮ್ಮ ದೇಶದ ಅಕ್ಯುಪಂಕ್ಚರ್ ಕ್ಲಿನಿಕ್‌ಗಳಿಗೂ ಮಾಕ್ಸಾ ಬಂದಿದೆ. ಆನ್‌ಲೈನ್ ಅಂಗಡಿಯಲ್ಲಿ ಬತ್ತಿ, ಪೆಟ್ಟಿಗೆ, ಹೊಟ್ಟೆಗೆ ಕಟ್ಟಿಕೊಳ್ಳುವ ಪಟ್ಟಿ ಎಲ್ಲವೂ ಸಿಗುವುದರಿಂದ ಮನೆಯಲ್ಲೇ ಪ್ರಯೋಗ ಮಾಡುವವರೂ ಇದ್ದಾರೆ.

ನಮ್ಮ ನಿಲುವನ್ನು ಮೊದಲೇ ಹೇಳುತ್ತೇವೆ. ಶಾಖ ಎನ್ನುವುದು ಒಂದೇ ಔಷಧವಲ್ಲ. ಎಷ್ಟು ಡಿಗ್ರಿ, ಎಷ್ಟು ನಿಮಿಷ, ಮೈಯ ಯಾವ ಭಾಗ, ರೋಗದ ಯಾವ ಹಂತ ಎಂಬುದರ ಮೇಲೆ ಅದು ಉರಿಯೂತವನ್ನು ತಗ್ಗಿಸಲೂಬಹುದು, ಏರಿಸಲೂಬಹುದು. ಹಳೆಯದಾದ, ದಪ್ಪಗಟ್ಟಿದ, ಹರಡದೆ ನಿಂತ ಮಚ್ಚೆಗಳಲ್ಲಿ ಹಿತಮಿತವಾದ ಶಾಖದಿಂದ ತುರಿಕೆ ಕಡಿಮೆಯಾಗುವ ಸಾಧ್ಯತೆಗೆ ಆಧಾರಗಳಿವೆ. ಕೆಂಪಾಗಿ, ಬಿಸಿಯಾಗಿ, ದಿನದಿನಕ್ಕೆ ಹರಡುತ್ತಿರುವ ರೋಗಕ್ಕೆ ಬೆಂಕಿಯನ್ನು ಹತ್ತಿರ ತರಬಾರದು. ಈ ಎರಡನೆಯ ಮಾತನ್ನು ಇಂದಿನ ರೋಗನಿರೋಧಕ ವಿಜ್ಞಾನವಷ್ಟೇ ಹೇಳುತ್ತಿಲ್ಲ, ಚೀನೀ ವೈದ್ಯಪರಂಪರೆಯೇ ಸಾವಿರದ ಎಂಟುನೂರು ವರ್ಷಗಳ ಹಿಂದೆ ಹೇಳಿದೆ.

ಬತ್ತಿಯೊಳಗೆ ಏನಿದೆ

ಮಾಕ್ಸಾ ತಯಾರಾಗುವುದು ಆರ್ಟೆಮಿಸಿಯಾ ಆರ್ಗಿ ಎಂಬ ಗಿಡದ ಎಲೆಯಿಂದ. ಗಣೇಶನ ಪತ್ರಪೂಜೆಯಲ್ಲಿ ಮೊದಲು ಏರಿಸುವ ಮಾಚಿಪತ್ರೆ, ನಮ್ಮಲ್ಲಿ ಬೆಳೆಯುವ ಸುವಾಸನೆಯ ದವನ, ಇವೆಲ್ಲ ಇದೇ ಕುಲದವು. ಚೀನಾದಲ್ಲಿ ಹೂಬೇ ಪ್ರಾಂತ್ಯದ ಚೀಚುನ್ ಸೀಮೆಯ ಎಲೆಗೆ ಹೆಚ್ಚು ಹೆಸರು. ಹದಿನಾರನೆಯ ಶತಮಾನದ ಮೂಲಿಕಾತಜ್ಞ ಲೀ ಶಿಝೆನ್ ಹುಟ್ಟಿದ್ದೂ ಅಲ್ಲೇ. ಈಗ ಕಾರ್ಖಾನೆ ಪ್ರಮಾಣದ ತಯಾರಿಕೆ ಹೆಚ್ಚಾಗಿ ನಡೆಯುವುದು ಹೆನಾನ್ ಪ್ರಾಂತ್ಯದ ನಾನ್‌ಯಾಂಗ್‌ನಲ್ಲಿ.

ಚಾಂದ್ರಮಾನದ ಐದನೆಯ ತಿಂಗಳ ಹೊತ್ತಿಗೆ ಎಲೆ ಕೊಯ್ದು, ಒಣಗಿಸಿ, ಕೆಲವು ವರ್ಷ ಹಾಗೇ ಇಟ್ಟು, ಆಮೇಲೆ ಕುಟ್ಟಿ ಜರಡಿ ಹಿಡಿಯುತ್ತಾರೆ. ದೂಳು, ದಂಟಿನ ಚೂರು ಹೋಗಿ ಎಲೆಯ ಅಡಿಭಾಗದ ನವಿರು ರೋಮ ಅರಳೆಯ ರೂಪದಲ್ಲಿ ಉಳಿಯುತ್ತದೆ. ಪೊಟ್ಟಣದ ಮೇಲೆ 5:1, 10:1, 30:1 ಎಂದು ಬರೆದಿರುವುದು ಇದನ್ನೇ: ಮೂವತ್ತು ಕಿಲೋ ಎಲೆಯಿಂದ ಒಂದು ಕಿಲೋ ಅರಳೆ ತೆಗೆದರೆ ಅದು 30:1. ಅನುಪಾತ ಹೆಚ್ಚಿದಷ್ಟೂ ಶಾಖ ಮೃದು. ಒರಟು ಮಾಲಿನಲ್ಲಿ ದಂಟಿನ ಚೂರು ಇರುವುದರಿಂದ ಬೇಗ ಬಿಸಿಯೇರುತ್ತದೆ, ಕಿಡಿ ಸಿಡಿಯುತ್ತದೆ, ಕೆಂಡ ಕಳಚಿ ಬೀಳುತ್ತದೆ. ಚರ್ಮರೋಗ ಇರುವವರ ಮೇಲೆ ಅಗ್ಗದ ಬತ್ತಿ ಬಳಸಬಾರದು ಎನ್ನುವುದಕ್ಕೆ ಇದೇ ಕಾರಣ.

ಪದ್ಧತಿ ಬಹಳ ಹಳೆಯದು. 1973ರಲ್ಲಿ ಚಾಂಗ್‌ಶಾ ಬಳಿಯ ಮಾವಾಂಗ್‌ಡುಯಿಯಲ್ಲಿ ತೆರೆದ ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ಶಾಖಚಿಕಿತ್ಸೆಯ ಗ್ರಂಥಗಳು ಸಿಕ್ಕವು. ಆ ಗೋರಿ ಕ್ರಿಸ್ತಪೂರ್ವ 168ರಷ್ಟು ಹಿಂದಿನದು. ಚರ್ಮಕ್ಕೂ ಮಾಕ್ಸಾಕ್ಕೂ ಇರುವ ನಂಟು ಕೂಡ ಹಳೆಯದು. ನಾಲ್ಕನೆಯ ಶತಮಾನದ ಬಾವೊ ಗೂ ಎಂಬ ವೈದ್ಯೆ ಗ್ವಾಂಗ್‌ಝೌ ಬೆಟ್ಟದ ಎಲೆಯಿಂದ ನರಹುಲಿಗಳನ್ನು ಸುಟ್ಟು ತೆಗೆಯುತ್ತಿದ್ದಳೆಂದು ಪರಂಪರೆ ನೆನೆಯುತ್ತದೆ. 2010ರಲ್ಲಿ ಯುನೆಸ್ಕೋ ಅಕ್ಯುಪಂಕ್ಚರ್ ಮತ್ತು ಮಾಕ್ಸಿಬಸ್ಶನ್ ಎರಡನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆ ಸಂಸ್ಕೃತಿಗೆ ಸಂದದ್ದು. ರೋಗ ಗುಣವಾಗುತ್ತದೆ ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ತೋರಿಸುವ ಜಾಹೀರಾತನ್ನು ನಂಬಬೇಡಿ.

ಶಾಖ ಕೊಡುವ ವಿಧಾನಗಳು

ಈಗ ಹೆಚ್ಚು ರೂಢಿಯಲ್ಲಿರುವುದು ಬತ್ತಿಯನ್ನು ಚರ್ಮಕ್ಕೆ ತಾಗಿಸದೆ ಹಿಡಿಯುವ ಕ್ರಮ. ಬತ್ತಿ ಸಾಮಾನ್ಯವಾಗಿ 20 ಸೆಂಟಿಮೀಟರ್ ಉದ್ದ, 1.8 ಸೆಂಟಿಮೀಟರ್ ದಪ್ಪ ಇರುತ್ತದೆ. ತುದಿ ಹೊತ್ತಿಸಿ, ಚರ್ಮದಿಂದ 2ರಿಂದ 3 ಸೆಂಟಿಮೀಟರ್ ಮೇಲೆ ಹಿಡಿದು, ಒಂದು ಜಾಗಕ್ಕೆ 10ರಿಂದ 15 ನಿಮಿಷ ಶಾಖ ಕೊಡುತ್ತಾರೆ. ಒಂದೇ ಕಡೆ ನಿಲ್ಲಿಸುವುದು ಒಂದು ಬಗೆ. ಗುಬ್ಬಿ ಕಾಳು ಹೆಕ್ಕುವ ಹಾಗೆ ಹತ್ತಿರ ದೂರ ಮಾಡುವುದು ಇನ್ನೊಂದು. ಅಗಲವಾದ ಮಚ್ಚೆಯಿದ್ದರೆ ಅದರ ಅಂಚಿನ ಸುತ್ತ ನಿಧಾನವಾಗಿ ತಿರುಗಿಸುತ್ತಾರೆ. ಸೋರಿಯಾಸಿಸ್‌ಗೆ ನೇರ ಮಚ್ಚೆಯ ಮೇಲೆ ಕೊಡುವುದೂ ಇದೆ. ಮೊಣಕಾಲಿನ ಕೆಳಗಿನ ಝೂಸಾನ್‌ಲೀ, ಮೊಣಕಾಲಿನ ಮೇಲೆ ಒಳಮಗ್ಗುಲಿನ ಶುವೆಹಾಯ್, ಮೊಣಕೈ ಮಡಿಕೆಯ ಚೂಚಿ ಮುಂತಾದ ಅಕ್ಯುಪಂಕ್ಚರ್ ಬಿಂದುಗಳಿಗೆ ಕೊಡುವುದೂ ಇದೆ. ಈ ಎರಡನ್ನೂ ಒಂದೇ ಚಿಕಿತ್ಸೆ ಎಂದು ಎಣಿಸಬಾರದು. ರೋಗವಿರುವ ಚರ್ಮಕ್ಕೆ ಶಾಖ ಕೊಡುವುದರ ಅಪಾಯ ಬೇರೆ, ಆರೋಗ್ಯವಂತ ಚರ್ಮಕ್ಕೆ ಕೊಡುವುದರ ಅಪಾಯ ಬೇರೆ.

ಎರಡನೆಯದು ಅಡ್ಡವಸ್ತು ಇಟ್ಟು ಸುಡುವ ಕ್ರಮ. 2ರಿಂದ 3 ಮಿಲಿಮೀಟರ್ ದಪ್ಪದ ಹಸಿಶುಂಠಿಯ ಬಿಲ್ಲೆಗೆ ಸೂಜಿಯಿಂದ ತೂತುಗಳನ್ನು ಮಾಡಿ, ಅದರ ಮೇಲೆ ಮಾಕ್ಸಾ ಅರಳೆಯ ಚಿಕ್ಕ ಗೋಪುರ ಇಟ್ಟು ಹೊತ್ತಿಸುತ್ತಾರೆ. ಶುಂಠಿಯ ಬದಲು ಬೆಳ್ಳುಳ್ಳಿಯೂ ಆಗಬಹುದು. ಆದರೆ ಇಸಬು ಇರುವವರಿಗೆ ಬೆಳ್ಳುಳ್ಳಿ ಬೇಡವೇ ಬೇಡ. ಹಸಿ ಬೆಳ್ಳುಳ್ಳಿಯ ರಸವೊಂದೇ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲದು, ಅದಕ್ಕೆ ಕೆಂಡ ಸೇರಿದರೆ ಕೇಳಬೇಕಿಲ್ಲ.

ಮೂರನೆಯದು ಅರಳೆಯ ಗೋಪುರವನ್ನು ನೇರ ಚರ್ಮದ ಮೇಲಿಟ್ಟು ಕಲೆ ಉಳಿಯುವಷ್ಟು ಸುಡುವುದು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ, ಎಳೆಮಕ್ಕಳ ಕಾಯಿಲೆಗೆ ಬರೆ ಎಳೆಯುವುದಕ್ಕೂ ಇದಕ್ಕೂ ಚರ್ಮದ ಮಟ್ಟಿಗೆ ವ್ಯತ್ಯಾಸವಿಲ್ಲ. ಸೋರಿಯಾಸಿಸ್ ಇರುವವರಿಗೆ ಇದನ್ನು ಯಾರೇ ಸೂಚಿಸಿದರೂ ಎದ್ದು ಬರಬೇಕು. ಕಾರಣ ಮುಂದೆ ಬರುತ್ತದೆ.

ಅಗ್ನಿಸೂಜಿ ಇದೇ ವಂಶದ ಇನ್ನೊಂದು ಕವಲು. ಸೂಜಿಯನ್ನು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ, ದಪ್ಪ ಮಚ್ಚೆಯೊಳಗೆ ಚುರುಕಾಗಿ ಚುಚ್ಚಿ ತೆಗೆಯುತ್ತಾರೆ. ಕೆರೆದು ಕೆರೆದು ಆನೆಚರ್ಮದಷ್ಟು ಗಡುಸಾದ ಇಸಬಿಗೆ, ಗಂಟುಗಂಟಾದ ತುರಿಕೆರೋಗಕ್ಕೆ, ಹಳೆಯ ಸೋರಿಯಾಸಿಸ್‌ಗೆ ಇದರ ಬಳಕೆ ಚೀನಾದಲ್ಲಿ ಹೆಚ್ಚಿದೆ. ಚುಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ ಎನ್ನುತ್ತಾರೆ. ಇದನ್ನು ಮಾಕ್ಸಾ ಜೊತೆ ಒಂದೇ ಸಾಲಿಗೆ ಸೇರಿಸುವುದು ತಪ್ಪು: ಮಾಕ್ಸಾ ಬೆಚ್ಚಗೆ ಮಾಡುತ್ತದೆ, ಅಗ್ನಿಸೂಜಿ ಗಾಯ ಮಾಡುತ್ತದೆ.

ಡಿಗ್ರಿ ಮತ್ತು ನಿಮಿಷದ ಲೆಕ್ಕ

ಉರಿಯುವ ಮಾಕ್ಸಾದ ಕೆಂಡ ನೂರಾರು ಡಿಗ್ರಿ ಬಿಸಿಯಿರುತ್ತದೆ. ಚರ್ಮಕ್ಕೆ ತಲುಪುವುದು ಎಷ್ಟು ಎನ್ನುವುದು ದೂರದಿಂದ ನಿರ್ಧಾರವಾಗುತ್ತದೆ. ಸರಿಯಾಗಿ ಹಿಡಿದಾಗ ಚರ್ಮದ ಮೇಲ್ಮೈ ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಇದರ ಪಕ್ಕದಲ್ಲಿ ಇಡಬೇಕಾದ ಅಂಕಿಗಳನ್ನು 1947ರಲ್ಲಿ ಹಾರ್ವರ್ಡ್‌ನ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಕೊಟ್ಟಿದ್ದಾರೆ. 44 ಡಿಗ್ರಿಯಲ್ಲಿ ಚರ್ಮ ಸುಟ್ಟು ಹಾಳಾಗಲು ಸುಮಾರು ಆರು ತಾಸು ಬೇಕು. 48 ಡಿಗ್ರಿಯಲ್ಲಿ ಕಾಲು ಗಂಟೆ ಸಾಕು. 55 ಡಿಗ್ರಿಯಲ್ಲಿ ಅರ್ಧ ನಿಮಿಷ. 60 ಡಿಗ್ರಿಯಲ್ಲಿ ಐದೇ ಸೆಕೆಂಡು.

ಇದರ ಅರ್ಥವನ್ನು ಬಿಡಿಸಿ ನೋಡಿ. ಹದಿನೈದು ನಿಮಿಷದ ಚಿಕಿತ್ಸೆಯಲ್ಲಿ 44ಕ್ಕೂ 48ಕ್ಕೂ ನಡುವಿನ ನಾಲ್ಕು ಡಿಗ್ರಿಯೇ ಹಿತಕ್ಕೂ ಸುಟ್ಟಗಾಯಕ್ಕೂ ಇರುವ ಅಂತರ. ಕೈ ಸೋತು ಬತ್ತಿ ಒಂದು ಸೆಂಟಿಮೀಟರ್ ಕೆಳಗಿಳಿದರೆ ಆ ಅಂತರ ಮುಗಿಯುತ್ತದೆ. ಬೂದಿಯ ವಿಷಯವೂ ಇದೆ. ತುದಿಯಲ್ಲಿ ಕಟ್ಟುವ ಬೂದಿ ಶಾಖವನ್ನು ತಡೆಯುತ್ತದೆ. ಅದನ್ನು ಉದುರಿಸಿದ ಕೂಡಲೇ ಬರಿಕೆಂಡ ಎದುರಾಗಿ ಶಾಖ ಒಮ್ಮೆಲೇ ಏರುತ್ತದೆ. ಆದ್ದರಿಂದ ಬೂದಿ ಉದುರಿಸುವಾಗ ಬತ್ತಿಯನ್ನು ಮೈಯಿಂದ ಪೂರ್ತಿ ಆಚೆ ಒಯ್ದು, ಮತ್ತೆ 5 ಸೆಂಟಿಮೀಟರ್ ಎತ್ತರದಿಂದ ನಿಧಾನವಾಗಿ ಇಳಿಸಬೇಕು. ಅನುಭವಿಗಳು ಇನ್ನೊಂದು ಕೈಯ ಎರಡು ಬೆರಳುಗಳನ್ನು ರೋಗಿಯ ಚರ್ಮದ ಮೇಲೆ, ಶಾಖ ಬೀಳುವ ಜಾಗದ ಎರಡೂ ಬದಿಗೆ ಇಟ್ಟುಕೊಂಡೇ ಇರುತ್ತಾರೆ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಸುಡುತ್ತಿರುವುದು ಗೊತ್ತೇ ಆಗದು. ಬೆರಳು ಇಡದೆ ಅಂಥವರಿಗೆ ಚಿಕಿತ್ಸೆ ಮಾಡುವುದು ಅಪರಾಧವೇ ಸರಿ.

ಚೀನೀ ಕೈಪಿಡಿಗಳು ಚರ್ಮ ಕೆಂಪಾಗುವ ತನಕ ಎಂದು ಬರೆಯುತ್ತವೆ. ತಿಳಿಬಣ್ಣದ ಚರ್ಮಕ್ಕೆ ಬರೆದ ಈ ಅಳತೆ ನಮ್ಮ ಕಂದು, ಕಪ್ಪು ಚರ್ಮಕ್ಕೆ ನಡೆಯುವುದಿಲ್ಲ. ಇಲ್ಲಿ ಕೆಂಪು ಕಣ್ಣಿಗೆ ಕಾಣುವಷ್ಟರಲ್ಲಿ ಹೆಚ್ಚಾಗಿಯೇ ಹೋಗಿರುತ್ತದೆ. ಜೊತೆಗೆ, ಸಣ್ಣ ಸುಟ್ಟಗಾಯ ಕೂಡ ನಮ್ಮ ಚರ್ಮದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಗಾಯವಾಗದಷ್ಟು ಶಾಖವನ್ನೇ ಒಂದೇ ಜಾಗಕ್ಕೆ ವಾರಗಟ್ಟಲೆ ಕೊಟ್ಟರೂ ಬಲೆಯ ಆಕಾರದ ಕಂದು ಗುರುತು ಮೂಡುತ್ತದೆ. ಬಿಸಿನೀರಿನ ಚೀಲವನ್ನು ಸದಾ ಸೊಂಟಕ್ಕೆ ಇಟ್ಟುಕೊಳ್ಳುವವರಲ್ಲಿ ಚರ್ಮವೈದ್ಯರು ನೋಡುವ ಗುರುತು ಅದೇ. ಹಾಗಾಗಿ ಇಲ್ಲಿ ಬಣ್ಣ ನೋಡುವುದನ್ನು ಬಿಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರ್ ಮತ್ತು ಗಡಿಯಾರವನ್ನು ನಂಬಬೇಕು: 43 ಡಿಗ್ರಿ ದಾಟಬಾರದು, ಹತ್ತು ನಿಮಿಷ ಮೀರಬಾರದು.

ಚರ್ಮದೊಳಗೆ ಏನಾಗುತ್ತದೆ

ಸೋರಿಯಾಸಿಸ್‌ನಲ್ಲಿ ಐಎಲ್-23 ಎಂಬ ಸಂದೇಶ ಪ್ರೋಟೀನು ಕೆಲವು ಬಿಳಿರಕ್ತಕಣಗಳನ್ನು ಎಬ್ಬಿಸುತ್ತದೆ. ಅವು ಐಎಲ್-17 ಸುರಿಸುತ್ತವೆ. ಅದರ ಹೊಡೆತಕ್ಕೆ ಚರ್ಮದ ಮೇಲ್ಪದರದ ಕೋಶಗಳು, ಸಾಮಾನ್ಯವಾಗಿ ನಾಲ್ಕು ವಾರ ಹಿಡಿಯುವ ತಮ್ಮ ಪಯಣವನ್ನು ಕೆಲವೇ ದಿನಗಳಲ್ಲಿ ಮುಗಿಸಿ, ಬಲಿಯದೆಯೇ ಮೇಲೆ ಬಂದು ಬೆಳ್ಳಿಬಣ್ಣದ ಪೊರೆಯಾಗಿ ಉದುರುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಟೋಪಿಕ್ ಇಸಬಿನ ದಾರಿ ಬೇರೆ. ಅಲ್ಲಿ ಚರ್ಮದ ತಡೆಗೋಡೆ ಸೋರುತ್ತದೆ, ಐಎಲ್-4, ಐಎಲ್-13, ತುರಿಕೆಯ ಐಎಲ್-31 ಮುಂದಾಳತ್ವ ವಹಿಸುತ್ತವೆ. ಎರಡಕ್ಕೂ ಒಂದೇ ಶಾಖ ಎನ್ನುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಎಂದೇ ತಿಳಿಯಬೇಕು.

ಶಾಖವನ್ನು ಚರ್ಮ ಗ್ರಹಿಸುವುದು ನರದ ತುದಿಯ ಗ್ರಾಹಕಗಳಿಂದ. ಅವುಗಳಲ್ಲಿ ಟಿಆರ್‌ಪಿವಿ1 ಎಂಬುದು ಸುಮಾರು 43 ಡಿಗ್ರಿಯಲ್ಲಿ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರವೂ ಇದೇ ಬಾಗಿಲನ್ನು ತಟ್ಟುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಈ ಗ್ರಾಹಕ ನೋವಿಗೆ ಮಾತ್ರ ಸಂಬಂಧಿಸಿದ್ದಲ್ಲ. 2014ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು ಇಲಿಗಳಲ್ಲಿ ನೋವಿನ ನರಗಳನ್ನು ಇಲ್ಲವಾಗಿಸಿ ನೋಡಿದಾಗ, ಸೋರಿಯಾಸಿಸ್‌ನಂಥ ಉರಿಯೂತವೇ ತಗ್ಗಿತು: ಆ ನರಗಳ ಸುದ್ದಿಯಿಲ್ಲದೆ ಐಎಲ್-23 ಸಾಕಷ್ಟು ಹುಟ್ಟಲಿಲ್ಲ. 2019ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಉಲ್ಟಾ ದಿಕ್ಕಿನಿಂದ ಬಂತು. ಟಿಆರ್‌ಪಿವಿ1 ನರಗಳನ್ನು ಬೆಳಕಿನಿಂದ ಪ್ರಚೋದಿಸಿದ್ದಷ್ಟೇ, ಗಾಯವಿಲ್ಲ, ಸೋಂಕಿಲ್ಲ. ಆದರೂ ಐಎಲ್-17 ಬಗೆಯ ಉರಿಯೂತ ಎದ್ದಿತು, ಪಕ್ಕದ ಚರ್ಮಕ್ಕೂ ಹಬ್ಬಿತು.

ಇಲ್ಲಿಗೆ ನಿಲ್ಲಿಸಿದರೆ ಮಾಕ್ಸಾ ಹಾನಿಕರ ಎಂದೇ ತೀರ್ಪು ಕೊಡಬೇಕಾಗುತ್ತದೆ. ಆದರೆ ಅದೇ ನರ ಪದೇಪದೇ ಪ್ರಚೋದನೆಗೊಂಡರೆ ಮಂಕಾಗುತ್ತದೆ, ಅದರ ರಾಸಾಯನಿಕ ದಾಸ್ತಾನು ಬರಿದಾಗುತ್ತದೆ. ಮೆಣಸಿನಕಾಯಿಯ ಸತ್ವವಾದ ಕ್ಯಾಪ್ಸೈಸಿನ್‌ನ 0.025 ಪ್ರತಿಶತದ ಮುಲಾಮನ್ನು ದಿನಕ್ಕೆ ನಾಲ್ಕು ಬಾರಿ, ಆರು ವಾರ ಹಚ್ಚಿದಾಗ ಸೋರಿಯಾಸಿಸ್‌ನ ತುರಿಕೆ ಇಳಿದದ್ದು 1993ರ ಪ್ರಯೋಗದಲ್ಲಿ ಕಂಡಿದೆ. ಶಾಖಕ್ಕೆ ಒಗ್ಗಿಕೊಳ್ಳುವಾಗ ಕೋಶಗಳು ಎಚ್‌ಎಸ್‌ಪಿ70 ಎಂಬ ರಕ್ಷಕ ಪ್ರೋಟೀನು ತಯಾರಿಸುತ್ತವೆ, ಅದು ಉರಿಯೂತದ ಮುಖ್ಯ ಸ್ವಿಚ್ಚನ್ನು ಅದುಮಬಲ್ಲದು. ವೇಗವಾಗಿ ವಿಭಜಿಸುವ ಕೋಶಗಳು ಶಾಖಕ್ಕೆ ಬೇಗ ಸೋಲುತ್ತವೆ ಎಂಬುದೂ ಇದೆ. ಈ ಕಾರಣಕ್ಕೇ 1980ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನ ಚರ್ಮವೈದ್ಯರು ಅಲ್ಟ್ರಾಸೌಂಡ್‌ನಿಂದ ಸೋರಿಯಾಸಿಸ್ ಮಚ್ಚೆಗಳನ್ನು 42ರಿಂದ 45 ಡಿಗ್ರಿಗೆ ಏರಿಸಿ, ಅರ್ಧ ಗಂಟೆಯಂತೆ ವಾರಕ್ಕೆ ಮೂರು ಬಾರಿ ಕಾಯಿಸಿ ನೋಡಿದರು. ಮಚ್ಚೆಗಳು ತಗ್ಗಿದವು. ರೋಗಿಗಳ ಸಂಖ್ಯೆ ಚಿಕ್ಕದು, ಮತ್ತು ಆ ದಾರಿ ಮುಂದೆ ದಿನಬಳಕೆಯ ಚಿಕಿತ್ಸೆಯಾಗಿ ಬೆಳೆಯಲಿಲ್ಲ. ಆದರೂ ಯಂತ್ರದಿಂದ ಅಳೆದು ಕೊಟ್ಟ ಶಾಖಕ್ಕೆ ಹಳೆಯ ಮಚ್ಚೆ ಮಣಿಯುತ್ತದೆ ಎಂಬುದನ್ನು ಅದು ತೋರಿಸಿತು.

ಶೆನ್‌ಯಾಂಗ್‌ನ ಚರ್ಮವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಮಾಕ್ಸಾ ಪರವಾಗಿ ಆಗಾಗ ಎತ್ತಿ ತೋರಿಸುತ್ತಾರೆ. ಅಂಗಾಲಿನ ನರಹುಲಿಗೆ 44 ಡಿಗ್ರಿ ಶಾಖವನ್ನು 30 ನಿಮಿಷದಂತೆ ಮೂರು ದಿನ ಸತತ, ಎರಡು ವಾರದ ನಂತರ ಮತ್ತೆ ಎರಡು ದಿನ ಕೊಟ್ಟರು. ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ನರಹುಲಿ ಹೋಯಿತು, ಸುಳ್ಳುಶಾಖ ಪಡೆದವರಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ. ಒಳ್ಳೆಯ ಪ್ರಯೋಗ. ಆದರೆ ಇದು ಹೇಳುವುದು ಮಾಕ್ಸಾ ಮಾರುವವರು ಹೇಳುವುದಕ್ಕೆ ವಿರುದ್ಧ. ನರಹುಲಿ ವೈರಸ್ಸಿನ ಕಾಯಿಲೆ, ಅಲ್ಲಿ ಶಾಖ ಮಲಗಿದ್ದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿತು. ಸೋರಿಯಾಸಿಸ್‌ನಲ್ಲಿ ಅದು ಮೊದಲೇ ಎದ್ದು ಕುಣಿಯುತ್ತಿದೆ.

ಇನ್ನು ಬಿಂದುಗಳ ವಿಷಯ. ಝೂಸಾನ್‌ಲೀ ಬಿಂದುವಿನಲ್ಲಿ ಮಂದ ವಿದ್ಯುತ್ ಹರಿಸಿದಾಗ ಇಲಿಗಳಲ್ಲಿ ವೇಗಸ್ ನರ (ಮಿದುಳಿನಿಂದ ಹೊಟ್ಟೆಯ ತನಕ ಇಳಿಯುವ ನರ) ಮತ್ತು ಅಡ್ರಿನಲ್ ಗ್ರಂಥಿಯ ಮೂಲಕ ಉರಿಯೂತ ಇಳಿಯುವುದನ್ನು 2020 ಮತ್ತು 2021ರಲ್ಲಿ ಹಾರ್ವರ್ಡ್‌ನ ಮಾ ಚಿಯೂಫು ಅವರ ತಂಡ ವಿವರವಾಗಿ ತೋರಿಸಿತು. ಅದು ಸೂಜಿ ಮತ್ತು ವಿದ್ಯುತ್ತಿನ ಫಲ, ಅದೂ ರಕ್ತದಲ್ಲಿ ನಂಜೇರಿಸಿದ ಇಲಿಗಳಲ್ಲಿ. ಅದನ್ನು ಮಾಕ್ಸಾದ ಖಾತೆಗೆ ಜಮಾ ಮಾಡುವುದು ನ್ಯಾಯವಲ್ಲ. ಆದರೆ ಚಿಕಿತ್ಸೆ ಮಾಡಿಸಿಕೊಳ್ಳಲೇಬೇಕು ಎನ್ನುವವರಿಗೆ ಮಚ್ಚೆಯ ಮೇಲಿಗಿಂತ ದೂರದ ಬಿಂದುವಿಗೆ ಶಾಖ ಕೊಡುವುದು ಹೆಚ್ಚು ಸುರಕ್ಷಿತ ಎಂದು ನಾವು ಹೇಳುವುದಕ್ಕೆ ಈ ತಿಳಿವಳಿಕೆಯೂ ಒಂದು ಕಾರಣ.

ಹಳಬರ ಎಚ್ಚರಿಕೆ

ಚೀನೀ ವೈದ್ಯರು ಸೋರಿಯಾಸಿಸ್ಸನ್ನು ಮುಖ್ಯವಾಗಿ ಮೂರು ಬಗೆಯಾಗಿ ಕಾಣುತ್ತಾರೆ: ರಕ್ತ ಕಾದದ್ದು, ರಕ್ತ ಒಣಗಿದ್ದು, ರಕ್ತ ಹೆಪ್ಪುಗಟ್ಟಿ ನಿಂತದ್ದು. ಮೊದಲನೆಯದು ಎದ್ದು ಹರಡುವ ಹಂತ, ಕೊನೆಯದು ದಪ್ಪಗಟ್ಟಿದ ಹಳೆಯ ಹಂತ. ಎರಡನೆಯ ಶತಮಾನದ ಕೊನೆಗೆ ಇದ್ದ ಝಾಂಗ್ ಝೊಂಗ್‌ಜಿಂಗ್, ನಾಡಿ ಕ್ಷೀಣವಾಗಿ ವೇಗವಾಗಿ ಓಡುತ್ತಿದ್ದರೆ ಶಾಖ ಕೊಡಬೇಡಿ, ಬೆಂಕಿ ಚಿಕ್ಕದಾದರೂ ಒಳಗೆ ಅದರ ದಾಳಿ ದೊಡ್ಡದು ಎಂದು ಕಟ್ಟುನಿಟ್ಟಾಗಿ ಎಚ್ಚರಿಸಿದ್ದಾರೆ. ಹದಿನಾಲ್ಕನೆಯ ಶತಮಾನದ ಝೂ ಡಾನ್‌ಶಿ ಇದಕ್ಕೆ ವಿರುದ್ಧವಾಗಿ, ಒಳಗಿನ ಉಷ್ಣವನ್ನು ಹೊರಗೆಳೆಯಲು ಬೆಂಕಿ ಬಳಸಬಹುದು ಎಂದರು. ಈ ವಾದ ಚೀನೀ ವೈದ್ಯರ ನಡುವೆ ಇನ್ನೂ ಮುಗಿದಿಲ್ಲ. ಸೋರಿಯಾಸಿಸ್ ಮಟ್ಟಿಗೆ ನಾವು ಝಾಂಗ್ ಅವರ ಪರ. ಹರಡುವ ಹಂತದಲ್ಲಿ ನರಗಳು ಐಎಲ್-23ಕ್ಕೆ ಕರೆ ಕೊಡುತ್ತಿರುವಾಗ ಅದೇ ನರಗಳಿಗೆ 43 ಡಿಗ್ರಿ ತಟ್ಟಿಸುವುದನ್ನು ಯಾವ ಸಿದ್ಧಾಂತದಿಂದಲೂ ಸಮರ್ಥಿಸಲಾಗದು.

ಇದಕ್ಕಿಂತ ನೇರವಾದ ಕಾರಣ ಇನ್ನೊಂದಿದೆ. ಜರ್ಮನ್ ವೈದ್ಯ ಹೈನ್‌ರಿಷ್ ಕೋಬ್ನರ್ 1870ರ ದಶಕದಲ್ಲಿ ಗುರುತಿಸಿದ ಸಂಗತಿ: ಸೋರಿಯಾಸಿಸ್ ಇರುವವರ ಆರೋಗ್ಯವಂತ ಚರ್ಮಕ್ಕೆ ಗೀರು, ಗಾಯ, ಸುಟ್ಟಗಾಯ ಆದರೆ ಅದೇ ಆಕಾರದಲ್ಲಿ ಹೊಸ ಸೋರಿಯಾಸಿಸ್ ಏಳುತ್ತದೆ. ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಅದೂ ರೋಗ ಚುರುಕಾಗಿರುವಾಗ ಹೆಚ್ಚು. ಗಾಯವಾದ ಹತ್ತರಿಂದ ಇಪ್ಪತ್ತು ದಿನಕ್ಕೆ ಅದು ಕಾಣಿಸಿಕೊಳ್ಳುವುದರಿಂದ, ಮಾಕ್ಸಾದಿಂದಲೇ ಬಂತು ಎಂಬುದು ರೋಗಿಗೂ ಹೊಳೆಯುವುದಿಲ್ಲ, ಚಿಕಿತ್ಸಕರಿಗೂ ಹೊಳೆಯುವುದಿಲ್ಲ. ರೋಗ ಹೆಚ್ಚಾಗುತ್ತಿದೆ ಎಂದುಕೊಂಡು ಶಾಖವನ್ನೇ ಹೆಚ್ಚಿಸುತ್ತಾರೆ. ಕಲೆ ಉಳಿಸುವ ಮಾಕ್ಸಾ ಬೇಡ, ಅಗ್ನಿಸೂಜಿಯ ಬಗ್ಗೆ ತುಂಬ ಎಚ್ಚರ ಎನ್ನುವುದು ಇದಕ್ಕಾಗಿ.

ಪ್ರಯೋಗಗಳನ್ನು ಓದುವ ಬಗೆ

ಇಲಿಗಳ ಬೆನ್ನಿಗೆ ಇಮಿಕ್ವಿಮೋಡ್ ಮುಲಾಮು ಹಚ್ಚಿ ಸೋರಿಯಾಸಿಸ್‌ನಂಥ ಉರಿಯೂತ ಎಬ್ಬಿಸಿ, ಮಾಕ್ಸಾ ಕೊಟ್ಟು, ಐಎಲ್-17 ಇಳಿಯಿತು ಎಂದು ಹೇಳುವ ಪ್ರಬಂಧಗಳು ಚೀನಾದಿಂದ ಬಂದಿವೆ. ಈ ಮಾದರಿ ಒಂದು ವಾರದ್ದು. ಮುಲಾಮು ನಿಲ್ಲಿಸಿದರೆ ಉರಿಯೂತ ತಾನಾಗಿ ಇಳಿಯುತ್ತದೆ. ಮನುಷ್ಯರಲ್ಲಿ ಅದು ದಶಕಗಳ ಸಂಗಾತಿ. ಜೊತೆಗೆ ಇಲಿಯ ಚರ್ಮ ತೆಳು, ಮೈ ಪುಟ್ಟದು. ಅದರ ಬೆನ್ನಿಗೆ ಹಿಡಿದ ಬತ್ತಿ ಇಡೀ ಮೈಯನ್ನೇ ಕಾಯಿಸಬಹುದು. ಮನುಷ್ಯನ ಮೊಣಕೈಗೆ ಹಿಡಿದ ಬತ್ತಿಯ ಶಾಖ ಇಳಿಯುವುದು ಕೆಲವೇ ಮಿಲಿಮೀಟರ್.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಮೂರು ತೊಡಕು. ಬಹಳಷ್ಟರಲ್ಲಿ ಮಾಕ್ಸಾ ಒಂಟಿಯಾಗಿ ಇರುವುದಿಲ್ಲ. ಕಷಾಯವೋ, ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೋಟ್ರಿಯಾಲ್ ಮುಲಾಮೋ ಜೊತೆಗಿರುತ್ತದೆ. ಬೆಚ್ಚಗಿನ ಶಾಖ, ಹೊಗೆಯ ವಾಸನೆ ರೋಗಿಗೆ ಗೊತ್ತಾಗುವುದರಿಂದ ತನಗೆ ಸಿಕ್ಕಿದ್ದು ನಿಜವೋ ಸುಳ್ಳೋ ಎಂದು ಮುಚ್ಚಿಡುವುದು ಕಷ್ಟ. ಅಡಿಯಲ್ಲಿ ಶಾಖನಿರೋಧಕ ಪದರವಿಟ್ಟ ಹುಸಿ ಮಾಕ್ಸಾ ಇದೆ, ಬಳಸುವವರು ಕಡಿಮೆ. ಮೂರನೆಯದು ಅಳತೆಗೋಲು. ಚೀನೀ ಪ್ರಬಂಧಗಳು ಒಟ್ಟು ಪರಿಣಾಮದ ದರ ಎಂದು 90 ಪ್ರತಿಶತ ಬರೆದಾಗ, ಅದರಲ್ಲಿ ಪೂರ್ತಿ ಗುಣವಾದವರೂ ಸೇರಿರುತ್ತಾರೆ, ಕಾಲುಭಾಗ ಮಾತ್ರ ಸುಧಾರಿಸಿದವರೂ ಸೇರಿರುತ್ತಾರೆ. ಜಾಗತಿಕ ಪ್ರಯೋಗಗಳು ಬಳಸುವ, ಸೋರಿಯಾಸಿಸ್ ಎಷ್ಟು ಹರಡಿದೆ, ಎಷ್ಟು ತೀವ್ರ ಎಂದು ಅಳೆಯುವ ಪಾಸಿ ಅಂಕ ಸೊನ್ನೆಯಿಂದ 72ರ ತನಕ ಇದ್ದು, ಅದು 75 ಪ್ರತಿಶತ ಇಳಿದರೆ ಮಾತ್ರ ಗೆಲುವು ಎಂದು ಎಣಿಸುತ್ತವೆ. ಈ ಕಠಿಣ ಗೆರೆಯನ್ನು, 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಐಎಲ್-17 ತಡೆಯುವ ಸೆಕುಕಿನುಮಾಬ್ ಇಂಜೆಕ್ಷನ್ನಿನ 300 ಮಿಲಿಗ್ರಾಂ ಪಡೆದವರಲ್ಲಿ 77ರಿಂದ 82 ಪ್ರತಿಶತ ಜನ ಹನ್ನೆರಡು ವಾರಕ್ಕೆ ದಾಟಿದರು. ಹುಸಿಮದ್ದು ಪಡೆದವರಲ್ಲಿ 5 ಪ್ರತಿಶತ ಮಾತ್ರ. ಮಾಕ್ಸಾದ 90ನ್ನು ಇದರ 80ರ ಪಕ್ಕದಲ್ಲಿಟ್ಟು ಹೋಲಿಸುವುದು ಮೋಸದ ಲೆಕ್ಕ.

ಇನ್ನೊಂದು ಸಂಗತಿಯನ್ನು ಮರೆಯಬಾರದು. 1998ರಲ್ಲಿ ವಿಕರ್ಸ್ ಮತ್ತಿತರರು ಅಕ್ಯುಪಂಕ್ಚರ್ ಪ್ರಯೋಗಗಳನ್ನು ದೇಶವಾರು ವಿಂಗಡಿಸಿ ನೋಡಿದಾಗ ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ನಿಂದ ಬಂದ ಎಲ್ಲ ಪ್ರಯೋಗಗಳೂ ಗೆದ್ದೇ ಇದ್ದವು. ಸೋಲು ಅಚ್ಚಾಗದ ಕಡೆ ಗೆಲುವಿಗೆ ಬೆಲೆ ಕಡಿಮೆ. ಸೋರಿಯಾಸಿಸ್ ಬಹಳ ಜನರಲ್ಲಿ ಚಳಿಗಾಲಕ್ಕೆ ಹೆಚ್ಚಾಗಿ ಬಿಸಿಲುಕಾಲಕ್ಕೆ ತಗ್ಗುವುದರಿಂದ, ಫೆಬ್ರುವರಿಯಲ್ಲಿ ಶುರುವಾದ ಎಂಟು ವಾರದ ಚಿಕಿತ್ಸೆ ಯಾವುದೇ ಆಗಲಿ ಕೆಲಸ ಮಾಡಿದಂತೆ ತೋರುತ್ತದೆ.

ಇಸಬು ಇರುವವರಿಗೆ

ಅಟೋಪಿಕ್ ಇಸಬಿನ ತುರಿಕೆಗೆ ಬಿಸಿನೀರು ಸುರಿದುಕೊಂಡು ಆ ಕ್ಷಣಕ್ಕೆ ಹಾಯೆನಿಸುವುದು ಬಹುಪಾಲು ರೋಗಿಗಳಿಗೆ ಗೊತ್ತು. ಸುಡುವಷ್ಟು ಬಿಸಿ ತುರಿಕೆಯ ಸುದ್ದಿಯನ್ನು ಸ್ವಲ್ಪ ಹೊತ್ತು ಅದುಮುತ್ತದೆ, ಬೆಚ್ಚಗಿನ ಬಿಸಿ ಕೆರಳಿಸುತ್ತದೆ. ಎರಡರಲ್ಲೂ ಚರ್ಮದ ಜಿಡ್ಡು ಕರಗಿ ನೀರಿನಂಶ ಆರುತ್ತದೆ. ಬೆವರಿನದೂ ಒಂದು ಪಾತ್ರವಿದೆ: ಚರ್ಮದ ಮೇಲೆ ವಾಸಿಸುವ ಮಲಸೀಜಿಯಾ ಶಿಲೀಂಧ್ರದ ಒಂದು ಪ್ರೋಟೀನು ಬೆವರಿನಲ್ಲಿ ಸೇರಿ ಅಟೋಪಿಕ್ ರೋಗಿಗಳಲ್ಲಿ ಅಲರ್ಜಿ ಎಬ್ಬಿಸುವುದನ್ನು ಹಿರೋಶಿಮಾದ ಸಂಶೋಧಕರು 2013ರಲ್ಲಿ ತೋರಿಸಿದರು. ಮೊಣಕೈ, ಮೊಣಕಾಲು ಮಡಿಕೆಗಳಲ್ಲಿ ಬೆವರಿಳಿಸುವ ಯಾವ ಶಾಖವೂ ಈ ರೋಗಕ್ಕೆ ಹಿತವಲ್ಲ. ಒಸರುವ, ಹಳದಿ ಹಕ್ಕಳೆಗಟ್ಟಿದ ಇಸಬಿನಲ್ಲಿ ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಸೋಂಕು ಇರುತ್ತದೆ, ಅಲ್ಲಿ ಮೊದಲು ಸೋಂಕಿಗೆ ಮದ್ದು.

ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಕ್ಸಾ ಹೊಗೆಯಲ್ಲಿ ಸೂಕ್ಷ್ಮಕಣ, ಬೆಂಜೀನ್, ಕಾರ್ಬನ್ ಮೊನಾಕ್ಸೈಡ್ ಇವೆ. ಇಸಬಿನ ಜೊತೆ ಉಬ್ಬಸ ಇರುವ ಮಗುವಿಗೆ ಮುಚ್ಚಿದ ಕೋಣೆಯಲ್ಲಿ ಇದು ಅಪಾಯ. ಬೆಂಗಳೂರು, ಮೈಸೂರು ಭಾಗದವರಿಗೆ ಇನ್ನೊಂದು ಕಿವಿಮಾತು. ಇಲ್ಲಿ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಒಳಮಡಿಕೆಯಲ್ಲಿ ಬರುವ ಇಸಬು ಎಷ್ಟೋ ಸಲ ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡದ ಅಲರ್ಜಿ. ಆ ಗಿಡ, ಸೇವಂತಿಗೆ, ಮಾಕ್ಸಾದ ಆರ್ಟೆಮಿಸಿಯಾ ಮೂರೂ ಒಂದೇ ಕುಟುಂಬದವು. ಅಲರ್ಜಿ ಎಬ್ಬಿಸುವ ಲ್ಯಾಕ್ಟೋನ್ ರಾಸಾಯನಿಕಗಳ ಗುಂಪೂ ಒಂದೇ. ಪಾರ್ಥೇನಿಯಂಗೆ ಪ್ಯಾಚ್ ಟೆಸ್ಟ್ (ಚರ್ಮದ ಮೇಲೆ ಪಟ್ಟಿ ಅಂಟಿಸಿ ನೋಡುವ ಅಲರ್ಜಿ ಪರೀಕ್ಷೆ) ಪಾಸಿಟಿವ್ ಬಂದವರು ಮಾಕ್ಸಾ ಅರಳೆಯನ್ನು ಕೈಯಲ್ಲಿ ಮುಟ್ಟಲೂಬಾರದು.

ಮಾಡಿಸಿಕೊಳ್ಳುವುದೇ ಆದರೆ

ರೋಗ ಕನಿಷ್ಠ ಎರಡು ತಿಂಗಳಿಂದ ಹರಡದೆ ನಿಂತಿರಬೇಕು. ಮೈತುಂಬ ಕೆಂಪಾಗುವ ಎರಿತ್ರೋಡರ್ಮಾ, ಕೀವುಗುಳ್ಳೆಯ ಸೋರಿಯಾಸಿಸ್, ಗಂಟಲುನೋವಿನ ನಂತರ ಹನಿಹನಿಯಾಗಿ ಎದ್ದದ್ದು, ಮುಖ, ತೊಡೆಸಂದು, ಜನನಾಂಗ, ವರ್ಷಗಟ್ಟಲೆ ಸ್ಟೀರಾಯ್ಡ್ ಹಚ್ಚಿ ತೆಳುವಾದ ಚರ್ಮ, ಇವಕ್ಕೆ ಬೇಡ. ಹಿಂದೆ ಗಾಯದ ಗುರುತಿನ ಮೇಲೆ ಸೋರಿಯಾಸಿಸ್ ಎದ್ದಿದ್ದರೆ ಯಾವ ಬಗೆಯೂ ಬೇಡ.

ಅಂದು ಬೆಳಿಗ್ಗೆಯಿಂದ ವ್ಯಾಸಲೀನ್, ಪ್ಯಾರಾಫಿನ್ ಮುಲಾಮು, ಕೋಲ್‌ಟಾರ್ ಏನನ್ನೂ ಹಚ್ಚಬಾರದು. ಪ್ಯಾರಾಫಿನ್ ಅಂಟಿದ ಬಟ್ಟೆಗೆ, ಬ್ಯಾಂಡೇಜಿಗೆ ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಕರು 2018ರಲ್ಲಿ ಈ ಬಗ್ಗೆ ವಿಶೇಷ ಎಚ್ಚರಿಕೆ ಕೊಟ್ಟಿದ್ದಾರೆ, ಮತ್ತು ಸೋರಿಯಾಸಿಸ್ ರೋಗಿಗಳ ಬಟ್ಟೆ ಇಂಥ ಜಿಡ್ಡಿನಲ್ಲೇ ನೆನೆದಿರುತ್ತದೆ. ಒಗೆದ ಹತ್ತಿಬಟ್ಟೆ ಉಟ್ಟು ಹೋಗಿ. ಎರಡು ಕಿಟಕಿ ತೆರೆದಿರಲಿ. ಪಕ್ಕದಲ್ಲಿ ಮರಳು ತುಂಬಿದ ಡಬ್ಬಿ ಇರಲಿ, ಬತ್ತಿ ಆರಿಸುವುದು ಅದರಲ್ಲಿ. ಮೇಲೆ ನೀರು ಚಿಮುಕಿಸಿದರೆ ಒಳಗಿನ ಕೆಂಡ ಉಳಿದು ಕಸದ ಬುಟ್ಟಿಯಲ್ಲಿ ಮತ್ತೆ ಹೊತ್ತಿಕೊಳ್ಳಬಹುದು.

ಮೊದಲ ಸಲ ಕಾಲಿನ ಅಥವಾ ಮುಂಗೈಯ ಒಂದೇ ಹಳೆಯ ಮಚ್ಚೆ, 4ರಿಂದ 5 ಸೆಂಟಿಮೀಟರ್ ಎತ್ತರ, ಐದೇ ನಿಮಿಷ. ಚುರುಕ್ ಎಂದರೆ ಸಹಿಸಬಾರದು, ಆ ಕ್ಷಣ ನಿಲ್ಲಿಸಬೇಕು. ಮುಗಿದ ಹತ್ತು ನಿಮಿಷಕ್ಕೆ ಎಂದಿನ ತೇವಕಾರಿ ಮುಲಾಮು ಹಚ್ಚಿ. ಆಮೇಲೆ ಮೂರು ವಾರ ಏನೂ ಮಾಡದೆ ಕಾಯಿರಿ, ಕೋಬ್ನರ್ ಹೇಳಿದ ಪ್ರತಿಕ್ರಿಯೆಗೆ ಅಷ್ಟು ಸಮಯ ಕೊಡಬೇಕು. ಚಿಕಿತ್ಸೆ ಮಾಡಿದ ಮಚ್ಚೆ ಮತ್ತು ಮಾಡದ ಇನ್ನೊಂದು ಮಚ್ಚೆ, ಎರಡರದ್ದೂ ಒಂದೇ ಬೆಳಕಿನಲ್ಲಿ ವಾರಕ್ಕೊಂದು ಫೋಟೋ ತೆಗೆದಿಡಿ. ಎರಡೂ ಒಟ್ಟಿಗೆ ತಗ್ಗಿದರೆ ಶ್ರೇಯ ಮಾಕ್ಸಾಗಲ್ಲ, ಹವಾಮಾನಕ್ಕೋ ಮೊದಲಿನ ಮದ್ದಿಗೋ ಸೇರಬೇಕು.

ಮೆಥೊಟ್ರೆಕ್ಸೇಟ್, ಬಯಾಲಜಿಕ್ ಇಂಜೆಕ್ಷನ್, ಫೋಟೊಥೆರಪಿ ಯಾವುದನ್ನೂ ಮಾಕ್ಸಾಕ್ಕಾಗಿ ಬಿಡಬೇಡಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಂತೂ ಥಟ್ಟನೆ ಬಿಟ್ಟರೆ ಸಾಧಾರಣ ಸೋರಿಯಾಸಿಸ್ ಕೀವುಗುಳ್ಳೆಯ ರೂಪಕ್ಕೆ ತಿರುಗಿ ಜೀವಕ್ಕೇ ಕುತ್ತು ತರಬಹುದು. ಕೆಂಡ ಬಿದ್ದು ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಮಂಜುಗಡ್ಡೆ, ಇಂಕು ಬೇಡ. ಬೊಬ್ಬೆ ಒಡೆಯಬೇಡಿ. ಅದೇ ವಾರ ಚರ್ಮವೈದ್ಯರಿಗೆ ತೋರಿಸಿ, ಸುಟ್ಟ ದಿನಾಂಕವನ್ನು ಬರೆದುಕೊಂಡು ಹೋಗಿ. ಹೊಸ ಮಚ್ಚೆ ಎದ್ದರೆ ಕಾರಣ ಗುರುತಿಸಲು ಅವರಿಗೆ ಬೇಕಾಗುವುದು ಆ ದಿನಾಂಕವೇ.